ಕಡಲೊಳಗಿನ ಮಾತಿಗೆ ಎಷ್ಟು ವೇಗ ಬೇಕು?

2014ರಲ್ಲಿ ಮಂಗಳಯಾನವು ಕೋಟ್ಯಂತರ ಕಿಲೋಮೀಟರ್ ದೂರದಿಂದ ಕಳಿಸಿದ ಸಂಕೇತಗಳನ್ನು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನ ಆಂಟೆನಾ ಹಿಡಿದುಕೊಂಡಿತು; ಕೆಂಪು ಗ್ರಹದ ಚಿತ್ರಗಳನ್ನು ನಾವು ಮನೆಯಲ್ಲಿ ಕುಳಿತು ಕಂಡೆವು. ಅದಾದ ನಾಲ್ಕು ವರ್ಷಕ್ಕೆ, 2018ರ ಡಿಸೆಂಬರಿನಲ್ಲಿ, ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕೆಯ ಬೋಟು ಏಳು ಮಂದಿಯೊಡನೆ ಕಾಣೆಯಾಯಿತು. ಅದರ ಅವಶೇಷವು ಮಹಾರಾಷ್ಟ್ರದ ಮಾಲ್ವಣದ ಆಚೆ ಸುಮಾರು 60 ಮೀಟರ್ ಆಳದಲ್ಲಿ ಬಿದ್ದಿದೆಯೆಂದು ತಿಳಿದದ್ದು 2019ರ ಮೇ ತಿಂಗಳಲ್ಲಿ, ನೌಕಾಪಡೆಯ ‘ನಿರೀಕ್ಷಕ್’ ಹಡಗು ಸೋನಾರ್ ಇಳಿಸಿ ಹುಡುಕಿದ ಮೇಲೆ. ಅರವತ್ತು ಮೀಟರ್ ಎಂದರೆ ಮುಂಬಯಿಯ ಇಪ್ಪತ್ತು ಅಂತಸ್ತಿನ ಕಟ್ಟಡವೊಂದರ ಎತ್ತರ. ಮಂಗಳನಿಂದ ಸುದ್ದಿ ಬಂದಷ್ಟು ಸುಲಭವಾಗಿ ಆ ಇಪ್ಪತ್ತು ಅಂತಸ್ತಿನ ನೀರಿನೊಳಗಿನಿಂದ ಸುದ್ದಿ ಬರಲಿಲ್ಲ. ಉಡುಪಿ ಮತ್ತು ಉತ್ತರ ಕನ್ನಡದ ಆ ಮನೆಗಳವರು ನಾಲ್ಕು ತಿಂಗಳಿಗೂ ಮಿಕ್ಕಿ ಏನೂ ತಿಳಿಯದೆ ಕಾದರು.

ಈ ಅಂತರ ನಮ್ಮ ಅಲಕ್ಷ್ಯದಿಂದಷ್ಟೇ ಉಂಟಾದುದಲ್ಲ, ಅದು ನೀರಿನ ಗುಣ. ರೇಡಿಯೋ ಅಲೆ ಶೂನ್ಯದಲ್ಲಿ ನಿರಾತಂಕವಾಗಿ ಸಾಗುತ್ತದೆ. ಉಪ್ಪುನೀರು ವಿದ್ಯುದ್ವಾಹಕವಾದ್ದರಿಂದ ಅದರೊಳಗೆ ಹೊಕ್ಕ ಕೂಡಲೇ ಸೊರಗುತ್ತದೆ. ನಮ್ಮ ಮೊಬೈಲು, ವೈಫೈ, ಜಿಪಿಎಸ್ ಇವುಗಳಲ್ಲಿ ಯಾವುದಕ್ಕೂ ಕಡಲೊಳಗೆ ಪ್ರವೇಶವಿಲ್ಲ. ಬೆಳಕು ತಿಳಿನೀರಿನಲ್ಲಿ ನೂರಿನ್ನೂರು ಮೀಟರ್ ಹೋದರೆ ಹೆಚ್ಚು. ಮಳೆಗಾಲದಲ್ಲಿ ಕೆಂಪಾದ ಕರಾವಳಿಯ ನೀರಿನಲ್ಲಿ ಕೈಯಳತೆಯೂ ದಾಟದು. ಉಳಿಯುವುದು ಧ್ವನಿ ಒಂದೇ. 1826ರಲ್ಲಿ ಕೊಲಡಾನ್ ಮತ್ತು ಸ್ಟುರ್ಮ್ ಎಂಬಿಬ್ಬರು ಜಿನೀವಾ ಸರೋವರದಲ್ಲಿ ನೀರೊಳಗೆ ಗಂಟೆ ಬಾರಿಸಿ, ದೂರದ ದೋಣಿಯಲ್ಲಿ ಅದನ್ನು ಆಲಿಸಿ, ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,435 ಮೀಟರ್ ಎಂದು ಅಳೆದರು. ಕಡಲನೀರಿನಲ್ಲಿ ಅದು ಸುಮಾರು 1,500 ಮೀಟರ್. ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಇಂದು ಸಾಗರತಳದಲ್ಲಿ ತಾವಾಗಿಯೇ ದಾರಿ ಹಿಡಿದು ಓಡಾಡುವ ಚಾಲಕರಹಿತ ವಾಹನಗಳು ಪರಸ್ಪರ ಮಾತನಾಡುವುದೂ, ಮೇಲಿನ ಹಡಗಿಗೆ ವರದಿ ಒಪ್ಪಿಸುವುದೂ ಆ ಗಂಟೆಯ ವಂಶದ ಸದ್ದಿನಿಂದಲೇ.

ಈ ಮಾತನ್ನು ಹೆಚ್ಚು ಹೆಚ್ಚು ವೇಗವಾಗಿಸುವುದು ಈಗ ದೊಡ್ಡ ಸಂಶೋಧನೆಯ ವಿಷಯ. ವಾಹನವು ತಳದಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಮೇಲಿನವರಿಗೆ ತೋರಿಸಬೇಕೆಂಬುದು ಅದರ ಹಿಂದಿನ ಆಸೆ. ಆಸೆ ತಪ್ಪಲ್ಲ. ಆದರೆ ವೇಗವೊಂದನ್ನೇ ಗುರಿಯಾಗಿಸಿಕೊಂಡರೆ ನಾವು ದಾರಿ ತಪ್ಪುತ್ತೇವೆ ಎಂಬುದು ಈ ಬರಹದ ವಾದ. ಕಡಿಮೆ ಮಾತಿನಲ್ಲಿ ಕೆಲಸ ಸಾಧಿಸುವ ವಿವೇಕ, ಎಲ್ಲ ಯಂತ್ರಗಳಿಗೂ ಅರ್ಥವಾಗುವ ಸಮಾನ ಭಾಷೆ, ನಮ್ಮದೇ ಕಡಲಿನ ಅರಿವು ಮತ್ತು ಆ ಕಡಲಿನಲ್ಲಿ ಮೊದಲಿನಿಂದ ಇರುವವರ ಬಗೆಗಿನ ಮರ್ಯಾದೆ, ಈ ನಾಲ್ಕೂ ವೇಗಕ್ಕಿಂತ ಮುಂಚೆ ಬರಬೇಕಾದವು.

ಮೊದಲು ವೇಗಕ್ಕೆ ಇರುವ ಅಡ್ಡಿಗಳನ್ನು ನೋಡೋಣ. ಸೆಕೆಂಡಿಗೆ ಹೆಚ್ಚು ಬಿಟ್‌ಗಳನ್ನು ಸಾಗಿಸಬೇಕಾದರೆ ಆವರ್ತನದ ಹರವು ಅಗಲವಾಗಿರಬೇಕು. ಅಗಲ ಬೇಕೆಂದರೆ ಮೇಲಿನ ಆವರ್ತನಗಳಿಗೆ ಏರಬೇಕು. ಆದರೆ ಕಡಲಿನಲ್ಲಿ ಕರಗಿರುವ ಮೆಗ್ನೀಸಿಯಂ ಸಲ್ಫೇಟಿನಂಥ ಲವಣಗಳು ಮೇಲಿನ ಸ್ವರಗಳನ್ನು ಕುಡಿದುಬಿಡುತ್ತವೆ. 10 ಕಿಲೋಹರ್ಟ್ಸ್‌ನ ಧ್ವನಿ ಒಂದು ಕಿಲೋಮೀಟರ್ ಸಾಗುವಾಗ ಹೀರುವಿಕೆಯಿಂದ ಕಳೆದುಕೊಳ್ಳುವುದು ಸುಮಾರು 1 ಡೆಸಿಬೆಲ್. 100 ಕಿಲೋಹರ್ಟ್ಸ್‌ನ ಧ್ವನಿ 30 ಡೆಸಿಬೆಲ್‌ಗೂ ಹೆಚ್ಚು, ಅಂದರೆ ಅದರ ಶಕ್ತಿಯ ಸಾವಿರದಲ್ಲೊಂದು ಪಾಲೂ ಉಳಿಯುವುದಿಲ್ಲ. ದೂರ ಬೇಕೋ ವೇಗ ಬೇಕೋ ಎಂದು ಕಡಲು ನೇರವಾಗಿ ಕೇಳುತ್ತದೆ. 2000ದಲ್ಲಿ ಕಿಲ್‌ಫಾಯ್ಲ್ ಮತ್ತು ಬ್ಯಾಗರೋರ್ ಎಂಬ ವಿದ್ವಾಂಸರು ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ, ದೂರವನ್ನು ಕಿಲೋಮೀಟರಿನಲ್ಲೂ ವೇಗವನ್ನು ಕಿಲೋಬಿಟ್‌ನಲ್ಲೂ ಇಟ್ಟು ಗುಣಿಸಿದರೆ ಗುಣಲಬ್ಧ ಸುಮಾರು 40ರ ಆಸುಪಾಸಿಗೆ ನಿಲ್ಲುವುದನ್ನು ಕಂಡರು. ಒಂದು ಕಿಲೋಮೀಟರಿಗೆ ಸೆಕೆಂಡಿಗೆ 40 ಕಿಲೋಬಿಟ್, ಹತ್ತು ಕಿಲೋಮೀಟರಿಗೆ 4. ಆ ಮೇಲೆ ಗತಿ ಸುಧಾರಿಸಿದೆ. ಈಗ ಕೆಲವು ನೂರು ಮೀಟರಿನೊಳಗೆ 60 ಕಿಲೋಬಿಟ್ ಸಾಗಿಸುವ ಮೋಡೆಮ್‌ಗಳು ಮಾರುಕಟ್ಟೆಯಲ್ಲೇ ಸಿಗುತ್ತವೆ. ಆದರೂ ದೂರಕ್ಕೂ ವೇಗಕ್ಕೂ ನಡುವಿನ ಈ ಜಗ್ಗಾಟ ಮುಗಿದಿಲ್ಲ.

ಎರಡನೆಯ ಅಡ್ಡಿ ಪ್ರತಿಧ್ವನಿ. ವಿಜಯಪುರದ ಗೋಳಗುಮ್ಮಟದಲ್ಲಿ ನಿಂತು ಕೂಗಿದವರಿಗೆ ಗೊತ್ತು, ಒಂದು ಪದ ಹಲವು ಪದವಾಗಿ ಮರಳುತ್ತದೆ. ಬೇಗ ಬೇಗ ಮಾತಾಡಿದರೆ ಮೊದಲ ಪದದ ಮರುದನಿ ಮೂರನೆಯ ಪದದ ಮೇಲೆ ಬಿದ್ದು ಎಲ್ಲವೂ ಕಲಸಿಹೋಗುತ್ತದೆ. ಆಳವಿಲ್ಲದ ಕಡಲು ಅಂಥದೇ ಗುಮ್ಮಟ, ಅದೂ ಚಾವಣಿ ಸದಾ ಅಲುಗಾಡುತ್ತಿರುವ ಗುಮ್ಮಟ. ಮೇಲ್ಮೈಗೂ ತಳಕ್ಕೂ ಬಡಿದು ಬಂದ ದನಿಗಳು ಒಂದರ ಹಿಂದೊಂದು ಮೋಡೆಮ್‌ನ ಕಿವಿಗೆ ಬೀಳುತ್ತವೆ. ಮೂರನೆಯ ಅಡ್ಡಿ ಚಲನೆ. ರೈಲು ಹತ್ತಿರವಾಗುವಾಗ ಅದರ ಸಿಳ್ಳಿನ ಸ್ವರ ಏರುವುದು, ದಾಟಿದಾಗ ಇಳಿಯುವುದು ನಮಗೆಲ್ಲ ಪರಿಚಿತ. ಹೆದ್ದಾರಿಯಲ್ಲಿ ಸೆಕೆಂಡಿಗೆ 30 ಮೀಟರ್ ಓಡುವ ಕಾರಿನಲ್ಲಿ ಕುಳಿತು ಫೋನಿನಲ್ಲಿ ಮಾತನಾಡುವಾಗ ರೇಡಿಯೋ ಅಲೆಯ ಸ್ವರ ಬದಲಾಗುವುದು ಕೋಟಿಯಲ್ಲಿ ಒಂದು ಪಾಲು. ನೀರೊಳಗೆ ಸೆಕೆಂಡಿಗೆ ಒಂದೂವರೆ ಮೀಟರ್ ನಡೆಯುವ ವಾಹನದ ದನಿ ಬದಲಾಗುವುದು ಸಾವಿರದಲ್ಲಿ ಒಂದು ಪಾಲು. ಅಂದರೆ ನಡಿಗೆಯ ವೇಗದ ಯಂತ್ರ ಕಾರಿಗಿಂತ ಹತ್ತು ಸಾವಿರ ಪಟ್ಟು ಅಪಸ್ವರ ಹಾಡುತ್ತದೆ. ನಾಲ್ಕನೆಯದು ತಡ. ಆರು ಕಿಲೋಮೀಟರ್ ಆಳದಲ್ಲಿರುವ ವಾಹನಕ್ಕೆ ಪ್ರಶ್ನೆ ಕೇಳಿ ಉತ್ತರ ಪಡೆಯಲು ಎಂಟು ಸೆಕೆಂಡು. ಅಷ್ಟು ಹೊತ್ತಿಗೆ ಅದು ಎದುರಿನ ಬಂಡೆಗೆ ಡಿಕ್ಕಿ ಹೊಡೆದಿರುತ್ತದೆ.

ಇಷ್ಟೆಲ್ಲ ಇದ್ದೂ ಸಾಧನೆಗಳೇನು ಕಡಿಮೆಯಲ್ಲ. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಅಮೆರಿಕದ ನೌಕಾಪಡೆ ಜಲಾಂತರ್ಗಾಮಿಗಳ ನಡುವೆ ಮನುಷ್ಯನ ಮಾತನ್ನು ಸಾಗಿಸುವ ನೀರೊಳಗಿನ ಟೆಲಿಫೋನ್ ಕಟ್ಟಿತು. ‘ಗರ್ಟ್ರೂಡ್’ ಎಂದು ಅದಕ್ಕೆ ಅಡ್ಡಹೆಸರು. 1990ರ ದಶಕದ ಆರಂಭದಲ್ಲಿ ಜಪಾನಿನ ‘ಶಿಂಕಾಯ್ 6500’ ನೌಕೆ ಸಾಗರದಾಳದಿಂದ ಸೆಕೆಂಡಿಗೆ 16 ಕಿಲೋಬಿಟ್ ವೇಗದಲ್ಲಿ ಬಣ್ಣದ ಚಿತ್ರಗಳನ್ನು ಮೇಲಕ್ಕೆ ಕಳಿಸಿತು. ದನಿ ನೇರವಾಗಿ ಮೇಲಕ್ಕೆ ಹೋಗುವಾಗ ಮರುದನಿಗಳ ಕಾಟ ಕಡಿಮೆಯೆಂಬುದು ಅದಕ್ಕೆ ಅನುಕೂಲವಾಯಿತು. 1994ರಲ್ಲಿ ಸ್ಟೊಯಾನೊವಿಚ್, ಕಾಟಿಪೊವಿಚ್, ಪ್ರೋಕಿಸ್ ಎಂಬ ಮೂವರು ಮರುದನಿಗಳನ್ನು ಕ್ಷಣಕ್ಷಣಕ್ಕೂ ಅಂದಾಜಿಸಿ ಸರಿಪಡಿಸಿಕೊಳ್ಳುವ ಗ್ರಾಹಕದ ವಿನ್ಯಾಸವನ್ನು ಪ್ರಕಟಿಸಿದರು; ಅಡ್ಡಡ್ಡ ಹಾಯುವ ಕಠಿಣ ಮಾರ್ಗದಲ್ಲೂ ವೇಗ ಏರಿದ್ದು ಅದರ ಬಲದಿಂದ. ಇವು ಬುದ್ಧಿಯ ದೊಡ್ಡ ಗೆಲುವುಗಳು.

ಆದರೂ ಲೆಕ್ಕ ಹಾಕಿ ನೋಡಿ. ನಾವು ದಿನವೂ ವಾಟ್ಸಾಪಿನಲ್ಲಿ ಕಳಿಸುವ 200 ಕಿಲೋಬೈಟಿನ ಒಂದು ಫೋಟೋದಲ್ಲಿ 16 ಲಕ್ಷ ಬಿಟ್‌ಗಳಿರುತ್ತವೆ. ಸೆಕೆಂಡಿಗೆ 5 ಕಿಲೋಬಿಟ್ ಸಾಗಿಸುವ ಒಳ್ಳೆಯ ಮೋಡೆಮ್‌ಗೆ ಅದಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಬೇಕು. ಕೆಟ್ಟ ನೀರಿನಲ್ಲಿ ನೆಚ್ಚಬಹುದಾದ 80 ಬಿಟ್‌ನ ವೇಗಕ್ಕೆ ಇಳಿದರೆ ಐದೂವರೆ ಗಂಟೆ. ವೇಗವನ್ನು ಹತ್ತು ಪಟ್ಟು ಹೆಚ್ಚಿಸಿದರೂ ಇದು ಚಲನಚಿತ್ರ ನೋಡುವ ದಾರಿಯಾಗದು. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಹೇಗೆ ಬೇಗ ಹೇಳುವುದು ಎಂಬುದಲ್ಲ, ಏನನ್ನು ಹೇಳುವುದು ಎಂಬುದು.

ಹೊರನಾಡಿನಲ್ಲಿ ಬದುಕಿದ ಹಿಂದಿನ ತಲೆಮಾರಿನ ಕನ್ನಡಿಗರಿಗೆ ಈ ಪ್ರಶ್ನೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ. 2013ರ ಜುಲೈಯಲ್ಲಿ ನಿಂತುಹೋದ ತಂತಿ ಸೇವೆ ಪದಕ್ಕಿಷ್ಟು ಎಂದು ಕಾಸು ಎಣಿಸಿಕೊಳ್ಳುತ್ತಿತ್ತು. ಊರಿನ ಸಾವು, ಹೆರಿಗೆ, ಪರೀಕ್ಷೆಯ ಫಲಿತಾಂಶ ಎಲ್ಲವೂ ನಾಲ್ಕೈದು ಪದಗಳಲ್ಲಿ ಮಾಟುಂಗಕ್ಕೋ ಕರೋಲ್‌ಬಾಗಿಗೋ ಬಂದಿಳಿಯುತ್ತಿದ್ದವು. ಮದುವೆಯ ಹಾರೈಕೆಗೆ ಇಂಥ ಅಂಕೆ, ಹಬ್ಬದ ಶುಭಾಶಯಕ್ಕೆ ಇಂಥ ಅಂಕೆ ಎಂಬ ಪಟ್ಟಿಯೇ ಇತ್ತು. ಅಂಕೆ ಬರೆದರೆ ಸಾಕು, ಆ ತುದಿಯಲ್ಲಿ ಅದು ವಾಕ್ಯವಾಗಿ ಅರಳುತ್ತಿತ್ತು. ಅಮೆರಿಕದ ವುಡ್ಸ್ ಹೋಲ್ ಸಂಸ್ಥೆಯವರು ತಮ್ಮ ನೀರೊಳಗಿನ ವಾಹನಗಳಿಗೆ ರೂಪಿಸಿದ ಸಂಕ್ಷಿಪ್ತ ಭಾಷೆಯೂ ಇದೇ ತತ್ತ್ವದ್ದು. ಒಂದು ಸಂದೇಶಕ್ಕೆ 32 ಬೈಟ್; ಅದರೊಳಗೆ ವಾಹನವಿರುವ ಜಾಗ, ಆಳ, ದಿಕ್ಕು, ಬ್ಯಾಟರಿಯ ಸ್ಥಿತಿ ಎಲ್ಲವೂ ಗೊತ್ತುಪಡಿಸಿದ ಸ್ಥಾನಗಳಲ್ಲಿ ಅಡಕವಾಗಬೇಕು. ಈ 32 ಬೈಟ್ ಎಷ್ಟು ಇಕ್ಕಟ್ಟೆಂದರೆ, ಗಣಕದ ಯೂನಿಕೋಡ್ ಕ್ರಮದಲ್ಲಿ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಡುವ ನಮ್ಮ ಲಿಪಿಯಲ್ಲಿ ‘ಕ್ಷೇಮವಾಗಿದ್ದೇನೆ’ ಎಂಬ ಒಂದು ಪದಕ್ಕೆ 45 ಬೈಟ್ ಆಗಿ ಅದು ಹಿಡಿಸುವುದೇ ಇಲ್ಲ. ‘ಕ್ಷೇಮ’ ಎಂದರೆ 15, ಅದು ಹಿಡಿಸುತ್ತದೆ. ಊರಿಗೆ ತಂತಿ ಕೊಡುವವನೂ ಹೆಚ್ಚಾಗಿ ಅಷ್ಟನ್ನೇ ಬರೆಯುತ್ತಿದ್ದನಲ್ಲವೆ?

ಕಡಿಮೆ ಮಾತಿನಿಂದ ದೊಡ್ಡ ಕೆಲಸ ಆಗುತ್ತದೆಂಬುದಕ್ಕೆ ಎರಡು ನಿದರ್ಶನಗಳಿವೆ. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದಲ್ಲಿ 228 ಮಂದಿಯೊಡನೆ ಬಿದ್ದ ಏರ್ ಫ್ರಾನ್ಸ್ 447 ವಿಮಾನವನ್ನು 2011ರ ಏಪ್ರಿಲಿನಲ್ಲಿ ಸುಮಾರು 3,900 ಮೀಟರ್ ಆಳದಲ್ಲಿ ಪತ್ತೆಮಾಡಿದ್ದು ‘ರೀಮಸ್ 6000’ ಎಂಬ ಸ್ವಾಯತ್ತ ವಾಹನಗಳು. ಅವು ಕಂಡದ್ದನ್ನೆಲ್ಲ ಆಗಿಂದಾಗಲೇ ಮೇಲಕ್ಕೆ ಬಿತ್ತರಿಸಲಿಲ್ಲ. ಗೊತ್ತುಪಡಿಸಿದ ಸಾಲುಗಳಲ್ಲಿ ತಳವನ್ನು ಗುಡಿಸಿದಂತೆ ಓಡಾಡಿ, ಸೋನಾರ್ ಚಿತ್ರಗಳನ್ನು ಒಡಲಲ್ಲಿ ತುಂಬಿಕೊಂಡು, ಮೇಲೆ ಬಂದ ನಂತರ ಒಪ್ಪಿಸಿದವು. ಎರಡನೆಯ ನಿದರ್ಶನ ನಮ್ಮದೇ. 2004ರ ಡಿಸೆಂಬರ್ 26ರ ದುರಂತದ ನಂತರ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಲ್ಲಿ 2007ರಿಂದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ನಡೆಯುತ್ತಿದೆ. ಅದಕ್ಕೆ ಸುದ್ದಿ ಮುಟ್ಟಿಸುವ ಸಾಧನಗಳಲ್ಲಿ ಸಾಗರತಳದ ಒತ್ತಡಮಾಪಕವೂ ಒಂದು. ಮೇಲಿನ ನೀರಿನ ಮಟ್ಟ ಕೆಲವೇ ಸೆಂಟಿಮೀಟರ್ ಏರಿಳಿದರೂ ತಳದಲ್ಲಿ ಕುಳಿತ ಆ ಯಂತ್ರಕ್ಕೆ ತಿಳಿಯುತ್ತದೆ. ಅದು ಧ್ವನಿಯ ಮೂಲಕ ಮೇಲಿನ ತೇಲುಬುರುಡೆಗೆ ಹೇಳುತ್ತದೆ, ಬುರುಡೆ ಉಪಗ್ರಹಕ್ಕೆ ಹೇಳುತ್ತದೆ. ಕಳಿಸುವುದು ಬೆರಳೆಣಿಕೆಯ ಅಂಕೆಗಳು. ಕರಾವಳಿಯ ಲಕ್ಷಾಂತರ ಜನರ ಪ್ರಾಣ ಆ ಅಂಕೆಗಳು ತಪ್ಪದೆ ಬರುವುದರ ಮೇಲೆ ನಿಂತಿದೆ. ಅವು ಸೆಕೆಂಡಿಗೆ ಎಷ್ಟು ಬಂದವು ಎಂಬುದರ ಮೇಲಲ್ಲ.

ಇಲ್ಲಿ ನ್ಯಾಯವಾದ ಆಕ್ಷೇಪವೊಂದು ಬರುತ್ತದೆ. ತಳದಲ್ಲಿ ಮನುಷ್ಯರಿದ್ದರೆ? ಚೆನ್ನೈನ ಪಳ್ಳಿಕರಣೈನಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟುತ್ತಿರುವ ‘ಮತ್ಸ್ಯ 6000’ ಮೂವರನ್ನು 2.1 ಮೀಟರ್ ವ್ಯಾಸದ ಟೈಟಾನಿಯಂ ಗೋಳದಲ್ಲಿ ಕೂರಿಸಿ ಆರು ಕಿಲೋಮೀಟರ್ ಆಳಕ್ಕೆ ಒಯ್ಯಬೇಕಾದ ನೌಕೆ. 2023ರ ಜೂನ್‌ನಲ್ಲಿ ಟೈಟಾನಿಕ್ ಹಡಗಿನ ಅವಶೇಷ ನೋಡಲು ಇಳಿದ ‘ಟೈಟನ್’ ನೌಕೆಯೊಡನೆ ಮಾತು ಕಡಿದ ಮೇಲೆ ಜಗತ್ತು ನಾಲ್ಕು ದಿನ ಹೇಗೆ ಕಾಯಿತೆಂಬುದು ನೆನಪಿದೆ. ಮುಂಬಯಿ ಹೈನ ತೈಲಬಾವಿಗಳ ಕೊಳವೆ ಸೋರುತ್ತಿದ್ದರೆ ಅದರ ಚಿತ್ರ ಈಗಲೇ ಬೇಕು, ನಾಳೆಯಲ್ಲ. ಇಂಥಲ್ಲಿ ವೇಗ ಬೇಡವೆನ್ನುವುದು ಹೃದಯಹೀನ ಮಾತಾಗುತ್ತದೆ.

ಆಕ್ಷೇಪ ಸರಿ; ಆದರೆ ಅದು ಕೇಳುವುದು ಎಲ್ಲೆಡೆಯ ವೇಗವನ್ನಲ್ಲ. ಕೊಳವೆಯ ತಪಾಸಣೆ ಹತ್ತಿರದ ಕೆಲಸ. ಅಲ್ಲಿ ನೂರಿನ್ನೂರು ಮೀಟರಿನ ಅತಿವೇಗದ ಮೋಡೆಮ್ಮೋ, ಬೆಳಕಿನ ಸಂಪರ್ಕವೋ, ಹಗ್ಗದಂತೆ ಕಟ್ಟಿಬಿಟ್ಟ ಕೇಬಲ್ಲೋ ಸಾಕು. ಮನುಷ್ಯರನ್ನು ಹೊತ್ತ ನೌಕೆಗೆ ಎಲ್ಲಕ್ಕಿಂತ ಮೊದಲು ಬೇಕಾದುದು ಎಂದೂ ಕಡಿಯದ ಸಣ್ಣ ಮಾತು: ಇದ್ದೇವೆ, ಇಷ್ಟು ಆಳದಲ್ಲಿದ್ದೇವೆ, ಉಸಿರಿಗೆ ಇಷ್ಟು ಗಂಟೆಯ ಗಾಳಿಯಿದೆ. ಚಿತ್ರ ಅದರ ನಂತರ. ವೇಗವನ್ನು ಎಲ್ಲಿ ಕೊಂಡುಕೊಳ್ಳಬೇಕು, ಎಲ್ಲಿ ನಂಬಿಕೆಯನ್ನು ಕೊಂಡುಕೊಳ್ಳಬೇಕು ಎಂಬ ವಿವೇಚನೆ ಸಾರ್ವಜನಿಕ ಹಣ ಖರ್ಚಾಗುವಲ್ಲಿ ಇರಲೇಬೇಕು. 2021ರಲ್ಲಿ ಒಪ್ಪಿಗೆ ಪಡೆದ ಆಳಸಾಗರ ಯೋಜನೆಗೆ ಮೀಸಲಿಟ್ಟ ಮೊತ್ತ 4,077 ಕೋಟಿ ರೂಪಾಯಿ. ಅದು ನಮ್ಮ ನಿಮ್ಮ ದುಡ್ಡು.

ಎರಡನೆಯ ಮಾತು, ನಮ್ಮ ಕಡಲಿನ ಕುರಿತು. ತಣ್ಣೀರಿನ ಸಮುದ್ರಗಳಲ್ಲಿ ಪಳಗಿದ ಉಪಕರಣವನ್ನು ತಂದು ಅರಬ್ಬೀ ಸಮುದ್ರಕ್ಕೆ ಇಳಿಸಿದರೆ ಅದು ಹಾಗೆಯೇ ನಡೆಯುವುದೆಂಬ ಭರವಸೆಯಿಲ್ಲ. ಬೆಚ್ಚನೆಯ, ಆಳವಿಲ್ಲದ ನೀರಿನಲ್ಲಿ ಒಂದು ಬಗೆಯ ಪುಟ್ಟ ಸಿಗಡಿ ತನ್ನ ಕೊಂಡಿಯನ್ನು ಚಟ್ಟೆಂದು ಮುಚ್ಚಿ ನೀರ್ಗುಳ್ಳೆಯನ್ನು ಒಡೆಸುತ್ತದೆ. ಲಕ್ಷಾಂತರ ಸಿಗಡಿಗಳು ಸೇರಿ ಹೀಗೆ ಮಾಡಿದಾಗ ನೀರೊಳಗೆ ಬಿಡುವಿಲ್ಲದೆ ಒಗ್ಗರಣೆಯ ಸಾಸಿವೆ ಸಿಡಿದಂತೆ ಕೇಳುತ್ತದೆ. ಅದು ಮೋಡೆಮ್‌ಗಳು ಮಾತನಾಡುವ ಆವರ್ತನಗಳನ್ನೇ ಆವರಿಸಿಕೊಳ್ಳುತ್ತದೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು ಈ ಸದ್ದನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿ, ಅದಕ್ಕೆ ಹೊಂದುವ ಮೋಡೆಮ್‌ಗಳನ್ನು ರೂಪಿಸಿದರು. ನಮ್ಮಲ್ಲಿ ಇದರ ಜೊತೆಗೆ ಮುಂಗಾರಿದೆ. ಗಂಗೆ ಗೋದಾವರಿಗಳ ಸಿಹಿನೀರು ಬಂಗಾಳ ಕೊಲ್ಲಿಯ ಮೇಲ್ಪದರವಾಗಿ ಹಾಸಿಕೊಳ್ಳುತ್ತದೆ. ಉಪ್ಪು, ಬಿಸಿ ಬದಲಾದಲ್ಲೆಲ್ಲ ಧ್ವನಿ ಬಾಗಿ ಬೇರೆ ದಾರಿ ಹಿಡಿಯುತ್ತದೆ. 2025ರ ಆರಂಭದಲ್ಲಿ ಚೆನ್ನೈ ಬಳಿಯ ಕಾಟುಪಳ್ಳಿ ಬಂದರಿನಲ್ಲಿ ‘ಮತ್ಸ್ಯ’ವನ್ನು ನೀರಿಗಿಳಿಸಿ ಪರೀಕ್ಷಿಸಿದಾಗ, ಬಂದರಿನ ಆಳ ಸಾಲದ್ದರಿಂದ ನೀರೊಳಗಿನ ಧ್ವನಿ ಸಂಪರ್ಕ ಅಷ್ಟಕ್ಕಷ್ಟೇ ಆಯಿತೆಂದು ಸರಕಾರವೇ ತಿಳಿಸಿತು. ಹಾಗೆ ಹೇಳಿದ್ದು ಒಳ್ಳೆಯದೇ ಆಯಿತು.

ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ‘ಮಾಯಾ’ ಎಂಬ ಸ್ವಾಯತ್ತ ವಾಹನವನ್ನು ತಾನೇ ಕಟ್ಟಿ ಓಡಿಸಿದೆ. ದೆಹಲಿಯ ಐಐಟಿಯಲ್ಲಿ ದಶಕಗಳಿಂದ ನೀರೊಳಗಿನ ಧ್ವನಿಯ ಅಧ್ಯಯನ ನಡೆದಿದೆ. ಬೆಂಗಳೂರಿನ ಬಿಇಎಲ್ ನೌಕಾಪಡೆಗೆ ಸೋನಾರ್‌ಗಳನ್ನು ತಯಾರಿಸುತ್ತದೆ. ಜನರೂ ಇದ್ದಾರೆ, ಜಾಣ್ಮೆಯೂ ಇದೆ. ನಮ್ಮ ಕಡಲಿನ ಸದ್ದು, ಮರುದನಿ, ಋತುಮಾನದ ಬದಲಾವಣೆಗಳ ಧ್ವನಿಮುದ್ರಿಕೆಗಳು ಕಾಲೇಜಿನ ಒಬ್ಬ ವಿದ್ಯಾರ್ಥಿಗೂ ಸಿಗುವಂತಾಗಬೇಕು. ಮಂಗಳೂರಿನ ಒಬ್ಬ ಹುಡುಗಿ ಮೋಡೆಮ್ ಕಟ್ಟಿದರೆ ಅದನ್ನು ಅಳೆದು ನೋಡಲು ನೀರು ಬೇಕು. ಪ್ರಯೋಗಾಲಯದ ತೊಟ್ಟಿಯಲ್ಲಿ ಮುಂಗಾರು ಬರುವುದಿಲ್ಲ. ರಕ್ಷಣೆಯ ಗುಟ್ಟುಗಳು ಗುಟ್ಟಾಗಿಯೇ ಇರಲಿ. ಸಿಗಡಿಯ ಸದ್ದು ಯಾವ ದೇಶದ ಗುಟ್ಟೂ ಅಲ್ಲ.

ಮೂರನೆಯದು ಸಮಾನ ಭಾಷೆ. ಬೇರೆ ಬೇರೆ ಕಂಪನಿಗಳ ಮೋಡೆಮ್‌ಗಳು ಬಹುಕಾಲ ತಂತಮ್ಮ ಭಾಷೆಯನ್ನಷ್ಟೇ ಆಡುತ್ತಿದ್ದವು. ಪಕ್ಕದಲ್ಲೇ ಇದ್ದರೂ ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಇಟಲಿಯ ಲಾ ಸ್ಪೆಜಿಯಾದ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ‘ಜಾನಸ್’ ಎಂಬ ಪದ್ಧತಿಯನ್ನು 2017ರಲ್ಲಿ ನೇಟೋ ಒಕ್ಕೂಟ ಮಾನಕವಾಗಿ ಅಂಗೀಕರಿಸಿತು. ಅದರ ವಿವರ ಬಹಿರಂಗವಾಗಿದೆ. ಅದರ ಮೂಲ ಸಂದೇಶ ಬರಿಯ 64 ಬಿಟ್, ಸಾಗುವುದು ಆಮೆಯ ವೇಗದಲ್ಲಿ. ಅದರ ಉಪಾಯ ಮಾತ್ರ ಮುಂಬಯಿಯಲ್ಲಿ ಬಾಳಿದವರಿಗೆ ಚೆನ್ನಾಗಿ ಅರ್ಥವಾಗುವಂಥದು. ಲೋಕಲ್ ಗಾಡಿಯಲ್ಲಿ ಅಪರಿಚಿತರಿಬ್ಬರು ಮೊದಲು ಬಂಬೈಯಾ ಹಿಂದಿಯಲ್ಲಿ ಎರಡು ಮಾತಾಡುತ್ತಾರೆ; ಇಬ್ಬರೂ ಕುಂದಾಪುರದ ಕಡೆಯವರೆಂದು ಗೊತ್ತಾದ ಮೇಲೆ ತಮ್ಮ ಭಾಷೆಗೆ ಹೊರಳಿ ಸರಾಗವಾಗಿ ಹರಟುತ್ತಾರೆ. ಜಾನಸ್ ಕೂಡ ಹಾಗೆಯೇ: ಮೊದಲ ಪರಿಚಯಕ್ಕೆ ಎಲ್ಲರ ಭಾಷೆ, ಪರಿಚಯವಾದ ಮೇಲೆ ಇಬ್ಬರಿಗೂ ಬರುವ ವೇಗದ ಭಾಷೆ. ಅಪಾಯದಲ್ಲಿರುವ ನೌಕೆಯ ಕೂಗನ್ನು ಹತ್ತಿರದ ಯಾವ ಯಂತ್ರವಾದರೂ ಕೇಳಿಸಿಕೊಳ್ಳಬೇಕಾದರೆ ಇಂಥದೊಂದು ನಿಧಾನದ ಸಮಾನ ಭಾಷೆ ಬೇಕೇ ಬೇಕು. ಭಾರತದಲ್ಲಿ ಸಾರ್ವಜನಿಕ ಹಣದಿಂದ ಕೊಳ್ಳುವ ಪ್ರತಿಯೊಂದು ಮೋಡೆಮ್ಮೂ ಬಹಿರಂಗ ಮಾನಕವೊಂದನ್ನು ಆಡಬಲ್ಲುದಾಗಿರಬೇಕೆಂದು ಟೆಂಡರಿನಲ್ಲೇ ಬರೆದರೆ ಸಾಕು, ಅರ್ಧ ಕೆಲಸ ಮುಗಿದಂತೆ.

ಕೊನೆಯದಾಗಿ, ಈ ಮಾತುಗಳನ್ನೆಲ್ಲ ಕೇಳಿಸಿಕೊಳ್ಳುವ ಇನ್ನೊಂದು ಸಮೂಹವಿದೆ. ಕಾರವಾರದ ಕರಾವಳಿಯಲ್ಲಿ ಕಾಣಸಿಗುವ ಗೂನುಬೆನ್ನಿನ ಡಾಲ್ಫಿನ್ ಅಳಿವಿನಂಚಿನ ಪಟ್ಟಿಯಲ್ಲಿರುವ ಪ್ರಾಣಿ. ಅದು ಕತ್ತಲ ನೀರಿನಲ್ಲಿ ಮೀನು ಹುಡುಕುವುದು, ಮರಿಯನ್ನು ಕರೆಯುವುದು, ಬಳಗದೊಡನೆ ಇರುವುದು ಎಲ್ಲವೂ ಧ್ವನಿಯಿಂದ. ನಮ್ಮ ಮೋಡೆಮ್‌ಗಳು ಆರಿಸಿಕೊಳ್ಳುವ ಆವರ್ತನಗಳು ಅವುಗಳ ಕಿವಿಗೆ ಕೇಳಿಸುವಂಥವೇ. 1991ರಲ್ಲಿ ಹಿಂದೂ ಮಹಾಸಾಗರದ ದಕ್ಷಿಣದ ಹರ್ಡ್ ದ್ವೀಪದ ಬಳಿ ಮಂದ್ರಸ್ವರವೊಂದನ್ನು ನುಡಿಸಿದಾಗ ಅದು ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳ ಆಚೆ ದಡಗಳವರೆಗೂ ಕೇಳಿಸಿತು. ಸಾಗರದ ಉಷ್ಣತೆಯನ್ನು ಅಳೆಯುವ ಆ ಪ್ರಯತ್ನದ ಮುಂದಿನ ಹಂತಕ್ಕೆ ತಿಮಿಂಗಿಲಗಳ ಹೆಸರಿನಲ್ಲಿ ಬಲವಾದ ವಿರೋಧ ಬಂತು. ವಿಜ್ಞಾನಿಗಳು ಪ್ರಾಣಿಗಳ ಮೇಲಿನ ಪರಿಣಾಮವನ್ನೂ ಅಭ್ಯಸಿಸಬೇಕಾಯಿತು. ಮೋಡೆಮ್‌ನ ದನಿ ಅದಕ್ಕಿಂತ ಎಷ್ಟೋ ಸಣ್ಣದು, ಅಲ್ಪದೂರದ್ದು, ನಿಜ. ಒಂದು ವಾಹನದ ಮಾತಿನಿಂದ ಕಡಲೇನೂ ಕೆಡದು. ಆದರೆ ನೂರಾರು ವಾಹನಗಳು ಹಗಲಿರುಳು ಮಾತನಾಡತೊಡಗಿದ ಮೇಲೆ ನಿಯಮ ಹುಡುಕುವುದಕ್ಕಿಂತ, ಮಾತು ಕಡಿಮೆಯಿರುವಾಗಲೇ ಮಿತಿಯನ್ನು ಗೊತ್ತುಪಡಿಸಿಕೊಳ್ಳುವುದು ಸುಲಭ. ಅಳೆದು ಮಾತನಾಡುವ ಯಂತ್ರ ಬ್ಯಾಟರಿಯನ್ನೂ ಉಳಿಸುತ್ತದೆ, ಡಾಲ್ಫಿನ್ನಿನ ಕಿವಿಯನ್ನೂ ಉಳಿಸುತ್ತದೆ.

ಇದನ್ನೆಲ್ಲ ತಂತ್ರಜ್ಞರ ಸಭೆಗೆ ಬಿಟ್ಟು ನಾವು ಕತೆ ಕವಿತೆಗಳ ಕಡೆ ತಿರುಗಿಕೊಳ್ಳಬಹುದಿತ್ತು. ಆದರೆ ಹೊರನಾಡಿನ ಓದುಗರಲ್ಲಿ ಎಷ್ಟೋ ಮಂದಿ ಚೆನ್ನೈ, ಹೈದರಾಬಾದು, ದೆಹಲಿಗಳ ಇಂಥ ಸಂಸ್ಥೆಗಳ ಒಳಗೋ ಆಸುಪಾಸಿನಲ್ಲೋ ದುಡಿಯುವವರು. ತೀರ್ಮಾನಗಳಾಗುವ ಮೇಜಿನ ಸುತ್ತ ಕೂರುವವರು. ಮುಂದಿನ ಸಲ ಮೋಡೆಮ್‌ನ ವೇಗದ ಅಂಕಿಯೊಂದನ್ನು ಅಲ್ಲಿ ಓದಿ ಹೇಳಿದಾಗ ಮೂರು ಪ್ರಶ್ನೆ ಕೇಳಿ: ಎಷ್ಟು ದೂರಕ್ಕೆ, ಯಾವ ನೀರಿನಲ್ಲಿ, ಹತ್ತು ಸಲ ಕಳಿಸಿದರೆ ಎಷ್ಟು ಸಲ ತಲುಪಿತು? ಮಲ್ಪೆಯ ಧಕ್ಕೆಯಿಂದ ಕಡಲಿಗೆ ಹೊರಡುವವರ ಮನೆಯವರಿಗೆ ಬೇಕಾಗಿರುವುದು ಮೂರನೆಯ ಪ್ರಶ್ನೆಯ ಉತ್ತರ.